ಮೈಮೇಲೆ ದದ್ದು ಎದ್ದಾಗ ಮನೆಯಲ್ಲಿ ಎಷ್ಟು ದಿನ ನೋಡಬಹುದು, ವೈದ್ಯರಲ್ಲಿಗೆ ಯಾವಾಗ ಹೋಗಲೇಬೇಕು?

ಸಾಗರ ಸೀಮೆಯವಳು:
ನಮ್ಮ ಮಾವನವರಿಗೆ 68 ವರ್ಷ. ಬೆನ್ನಿನ ಬಲಭಾಗದಲ್ಲಿ, ಪಕ್ಕೆಲುಬಿನ ಕೆಳಗೆ ಉರಿಯೂ ಚುಚ್ಚುವ ನೋವೂ ಇದೆ ಎಂದು ಈ ವಾರದ ಆರಂಭದಿಂದ ಹೇಳುತ್ತಿದ್ದರು. ಅಡಿಕೆ ಕೊಯ್ಲಿನ ದಿನಗಳಾದ್ದರಿಂದ ಗೊನೆ ಹೊತ್ತು ಸ್ನಾಯು ಹಿಡಿದಿರಬೇಕೆಂದು ಭಾವಿಸಿ ನೋವಿನ ಎಣ್ಣೆ ಹಚ್ಚಿದ್ದೆವು. ನಿನ್ನೆ ಬೆಳಿಗ್ಗೆ ಅದೇ ಜಾಗದಲ್ಲಿ ಕೆಂಪಾದ ದದ್ದು ಎದ್ದು, ಸಂಜೆಯ ಹೊತ್ತಿಗೆ ಅದರ ಮೇಲೆ ನೀರು ತುಂಬಿದ ಸಣ್ಣ ಗುಳ್ಳೆಗಳು ಗೊಂಚಲು ಗೊಂಚಲಾಗಿ ಬಂದಿವೆ. ಬೆನ್ನಿನಿಂದ ಹೊಟ್ಟೆಯ ಕಡೆಗೆ ಒಂದು ಪಟ್ಟಿಯಂತೆ ಅದು ಸಾಗುತ್ತಿದೆ. ಅಕ್ಕಪಕ್ಕದವರು ನೋಡಿದ ಕೂಡಲೇ ಸರ್ಪಸುತ್ತು ಎಂದರು. ಪಕ್ಕದ ಊರಿನಲ್ಲಿ ಕೆಮ್ಮಣ್ಣಿನಲ್ಲಿ ಬರೆದು ಮಂತ್ರ ಹಾಕುವವರಿದ್ದಾರೆ, ಭಾನುವಾರ ಕರೆದುಕೊಂಡು ಬನ್ನಿ, ಅಲ್ಲಿಯವರೆಗೆ ಔಷಧಿ ಮುಟ್ಟಿಸಬೇಡಿ ಎನ್ನುತ್ತಿದ್ದಾರೆ. ಸರ್ಪದ ತಲೆಯೂ ಬಾಲವೂ ಸೇರಿದರೆ ಜೀವಕ್ಕೆ ಅಪಾಯ ಎಂಬ ಮಾತು ಕೇಳಿ ಅತ್ತೆಯವರು ಊಟವನ್ನೇ ಬಿಟ್ಟಿದ್ದಾರೆ. ಇದು ಭಾನುವಾರದವರೆಗೆ ಕಾಯಬಹುದಾದ ವಿಷಯವೇ? ಬಲ್ಲವರು ತಿಳಿಸಬೇಕು.

ಚರ್ಮವೈದ್ಯ, ದಾವಣಗೆರೆ:
ಕಾಯಬೇಡಿ. ಇಂದೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಚರ್ಮತಜ್ಞರೇ ಬೇಕೆಂದಿಲ್ಲ, ಯಾವುದೇ ಎಂಬಿಬಿಎಸ್ ವೈದ್ಯರು ಇದನ್ನು ಗುರುತಿಸಬಲ್ಲರು. ನೋಡದೆ ರೋಗನಿರ್ಣಯ ಮಾಡಲಾರೆನಾದರೂ ನೀವು ಬರೆದಿರುವ ಕ್ರಮ, ಅಂದರೆ ಮೊದಲು ಒಂದೇ ಪಕ್ಕದಲ್ಲಿ ಉರಿನೋವು, ಎರಡು ಮೂರು ದಿನಗಳ ಅನಂತರ ಅದೇ ಜಾಗದಲ್ಲಿ ಗೊಂಚಲು ಗುಳ್ಳೆಗಳು, ಅವು ಪಟ್ಟಿಯಾಗಿ ಹರಡುವುದು, ಇವೆಲ್ಲ ಸರ್ಪಸುತ್ತಿನ ಲಕ್ಷಣಗಳೇ. ಬಾಲ್ಯದಲ್ಲಿ ಸೀತಾಳೆ ಸಿಡುಬು ಬಂದು ಹೋದ ಮೇಲೂ ಅದರ ವೈರಾಣು ದೇಹವನ್ನು ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಬದಿಯಲ್ಲಿರುವ ನರಗಂಟುಗಳಲ್ಲಿ ಅದು ದಶಕಗಳ ಕಾಲ ಸುಮ್ಮನಿದ್ದು, ವಯಸ್ಸಾದಾಗಲೋ, ರೋಗನಿರೋಧಕ ಶಕ್ತಿ ಕುಗ್ಗಿದಾಗಲೋ ಮತ್ತೆ ಎಚ್ಚೆತ್ತು, ಆ ಒಂದು ನರ ಸಾಗುವ ದಾರಿಯಲ್ಲೇ ಚರ್ಮದವರೆಗೆ ಬರುತ್ತದೆ. ಗುಳ್ಳೆಗಳಿಗಿಂತ ಮೊದಲು ನೋವು ಬರುವುದು ಈ ಕಾರಣಕ್ಕೆ.

ಅತ್ತೆಯವರಿಗೆ ದಯವಿಟ್ಟು ಇದನ್ನು ಓದಿ ಹೇಳಿ. ಪ್ರತಿಯೊಂದು ನರವೂ ದೇಹದ ಒಂದು ಅರ್ಧಕ್ಕೆ ಮಾತ್ರ ಸೇರಿದ್ದು, ನಡುಗೆರೆಯ ಬಳಿ ಮುಗಿಯುತ್ತದೆ. ಆದುದರಿಂದ ಸರ್ಪಸುತ್ತು ಸಾಮಾನ್ಯವಾಗಿ ಹೊಕ್ಕುಳಿನ ನೇರದಲ್ಲಿ ನಿಂತುಬಿಡುತ್ತದೆ, ಸೊಂಟವನ್ನು ಸುತ್ತಿ ಬಂದು ತಲೆ ಬಾಲ ಸೇರುವುದಿಲ್ಲ. ಗುಳ್ಳೆಗಳು ಎರಡೂ ಪಕ್ಕಗಳಲ್ಲಿ ಬಂದರೆ ಅಥವಾ ಮೈತುಂಬ ಚದುರಿದರೆ ಆಗ ನಿಜಕ್ಕೂ ಚಿಂತಿಸಬೇಕು. ಅದು ನಿರೋಧಕ ಶಕ್ತಿ ತೀರ ಕುಗ್ಗಿರುವುದರ ಸೂಚನೆಯಾಗಿರಬಹುದು, ಅಂಥವರನ್ನು ಒಳರೋಗಿಯಾಗಿ ಸೇರಿಸಿಕೊಂಡು ಚಿಕಿತ್ಸೆ ಕೊಡಬೇಕಾಗುತ್ತದೆ.

ಅವಸರ ಏಕೆಂದರೆ, ಏಸೈಕ್ಲೋವಿರ್, ವ್ಯಾಲಾಸೈಕ್ಲೋವಿರ್ ಮುಂತಾದ ವೈರಾಣು ನಿರೋಧಕ ಮಾತ್ರೆಗಳು ದದ್ದು ಕಾಣಿಸಿದ 72 ಗಂಟೆಗಳ ಒಳಗೆ ಆರಂಭವಾದರೆ ಹೆಚ್ಚು ಪ್ರಯೋಜನಕಾರಿ. ಭಾನುವಾರಕ್ಕೆ ಕಾದರೆ ಆ ಅವಧಿ ಕಳೆದುಹೋಗುತ್ತದೆ. ಮಾತ್ರೆಗಳು ಇಲ್ಲದಿದ್ದರೂ ಗುಳ್ಳೆಗಳು ಎರಡರಿಂದ ನಾಲ್ಕು ವಾರಗಳಲ್ಲಿ ಒಣಗುತ್ತವೆ, ಮಂತ್ರ ಹಾಕುವವರಿಗೆ ಯಶಸ್ಸು ಸಿಗುವುದೂ ಇದರಿಂದಲೇ. ಒಣಗಿದ ಮೇಲೂ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುವ ನರದ ನೋವು ಮಾತ್ರ ಬೇರೆ ವಿಷಯ. ಅದು 60 ದಾಟಿದವರಲ್ಲಿ ಹೆಚ್ಚು. ಮೈಗೆ ಅಂಗಿ ತಾಗಿದರೂ ಸಹಿಸಲಾಗದೆ ರಾತ್ರಿ ಎದ್ದು ಕೂರುವ ಹಿರಿಯರನ್ನು ನಾನು ಬಹಳ ನೋಡಿದ್ದೇನೆ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಈ ಮಾತ್ರೆಗಳ ಪ್ರಮಾಣವನ್ನು ಇಳಿಸಬೇಕಾಗುತ್ತದೆ, ಆದ್ದರಿಂದ ಅಂಗಡಿಯಿಂದ ನೀವೇ ಕೊಂಡು ಕೊಡಬೇಡಿ. ಸಕ್ಕರೆ ಕಾಯಿಲೆ ಇದ್ದರೆ, ಬೇರೆ ಮಾತ್ರೆಗಳನ್ನು ಸೇವಿಸುತ್ತಿದ್ದರೆ ತಪ್ಪದೆ ಹೇಳಿ.

ಇದನ್ನೇ ಓದುತ್ತಿರುವ ಇತರರಿಗೆ ಒಂದು ಮಾತು. ಹಣೆಯ ಮೇಲೆ, ಕಣ್ಣಿನ ರೆಪ್ಪೆಯ ಮೇಲೆ, ವಿಶೇಷವಾಗಿ ಮೂಗಿನ ತುದಿಯಲ್ಲಿ ಇಂತಹ ಗುಳ್ಳೆ ಬಂದರೆ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು, ಏಕೆಂದರೆ ಮೂಗಿನ ತುದಿಗೂ ಕಣ್ಣುಗುಡ್ಡೆಗೂ ಹೋಗುವುದು ಒಂದೇ ನರದ ಕವಲು. ಕಿವಿಯಲ್ಲಿ ಗುಳ್ಳೆ ಬಂದು ಮುಖ ಒಂದು ಕಡೆಗೆ ವಾಲಿದರೆ ಅದೂ ತುರ್ತೇ.

ಕಟ್ಟೆಯ ಮೇಲಿನವ:
ಡಾಕ್ಟರೇ, ನಿಮ್ಮ ವಿದ್ಯೆಯ ಬಗ್ಗೆ ಗೌರವವಿದೆ. ಆದರೆ ನಮ್ಮ ಹಿರಿಯರು ಕೆಮ್ಮಣ್ಣು ಹಚ್ಚಿದ್ದು ಬರಿಯ ಮೂಢನಂಬಿಕೆಯಿಂದಲ್ಲ. ಅದು ತಂಪು, ಉರಿಯನ್ನು ಎಳೆಯುತ್ತದೆ. ನಮ್ಮ ತಂದೆಯವರಿಗೂ ಹಾಗೆಯೇ ವಾಸಿಯಾಯಿತು. ಎಲ್ಲವನ್ನೂ ಮಾತ್ರೆಗೆ ತಂದು ನಿಲ್ಲಿಸುವುದು ಸರಿಯೇ?

ಚರ್ಮವೈದ್ಯ, ದಾವಣಗೆರೆ:
ಒದ್ದೆ ಮಣ್ಣು ತಂಪೆನ್ನುವುದು ನಿಜ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಹತ್ತಿಬಟ್ಟೆಯೂ ಅದೇ ತಂಪನ್ನು ಕೊಡುತ್ತದೆ, ಅದನ್ನು ದಿನಕ್ಕೆ ನಾಲ್ಕೈದು ಸಲ ಧಾರಾಳವಾಗಿ ಹಾಕಬಹುದು. ಒಡೆದ ಗುಳ್ಳೆಯ ಮೇಲೆ ಮಣ್ಣು ಬಿದ್ದರೆ ಕೀವಾಗುತ್ತದೆ ಎನ್ನುವುದಷ್ಟೇ ನನ್ನ ಆಕ್ಷೇಪ. ಮನೆಯವರ ಮನಸ್ಸಿಗೆ ಸಮಾಧಾನವಾಗುವುದಾದರೆ ಗುಳ್ಳೆ ಇಲ್ಲದ ಚರ್ಮದ ಮೇಲೆ ಬರೆಸಿಕೊಳ್ಳಲಿ, ದೇವರಿಗೆ ಹಣ್ಣುಕಾಯಿಯನ್ನೂ ಮಾಡಿಸಲಿ. ಆದರೆ ಮಾತ್ರೆ ಮೊದಲು, ಪೂಜೆ ಆಮೇಲೆ. ನಾಗರಕಟ್ಟೆಗೆ ನಮಸ್ಕರಿಸಿ ಬಂದ ರೋಗಿಗಳಿಗೆ ನಾನು ಎಂದೂ ಗದರಿಸಿಲ್ಲ. ಐದನೆಯ ದಿನ ಬರುವವರನ್ನು ಕಂಡಾಗ ಮಾತ್ರ ಬೇಸರವಾಗುತ್ತದೆ.

ಸಾಗರ ಸೀಮೆಯವಳು:
ಮಧ್ಯಾಹ್ನವೇ ಕರೆದುಕೊಂಡು ಹೋದೆವು. ವೈದ್ಯರು ಸರ್ಪಸುತ್ತು ಎಂದೇ ಹೇಳಿ, ರಕ್ತದಲ್ಲಿನ ಸಕ್ಕರೆಯನ್ನೂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನೈನನ್ನೂ ಪರೀಕ್ಷಿಸಿ ಏಳು ದಿನಗಳ ಮಾತ್ರೆ ಬರೆದುಕೊಟ್ಟರು. ಇನ್ನೊಂದು ಸಂದೇಹ. ನಮ್ಮ ನಾದಿನಿ ಆರು ತಿಂಗಳ ಗರ್ಭಿಣಿ, ಮುಂದಿನ ವಾರ ಸೀಮಂತಕ್ಕೆ ಇಲ್ಲಿಗೆ ಬರುವವಳಿದ್ದಾಳೆ. ಇದು ಅಂಟುತ್ತದೆಯೇ?

ಚರ್ಮವೈದ್ಯ, ದಾವಣಗೆರೆ:
ಸರ್ಪಸುತ್ತು ಸರ್ಪಸುತ್ತಾಗಿಯೇ ಇನ್ನೊಬ್ಬರಿಗೆ ಅಂಟುವುದಿಲ್ಲ. ಆದರೆ ಹಿಂದೆ ಸೀತಾಳೆ ಸಿಡುಬು ಬಾರದವರಿಗೆ ಅಥವಾ ಅದರ ಲಸಿಕೆ ಹಾಕಿಸಿಕೊಳ್ಳದವರಿಗೆ ಗುಳ್ಳೆಯ ನೀರು ತಾಗಿದರೆ ಸೀತಾಳೆ ಸಿಡುಬು ಬರಬಹುದು, ಗರ್ಭಿಣಿಯರಲ್ಲಿ ಅದು ಗಂಭೀರವಾಗಬಲ್ಲದು. ನಾದಿನಿಯವರಿಗೆ ಚಿಕ್ಕಂದಿನಲ್ಲಿ ಬಂದಿತ್ತೇ ಎಂದು ಅವರ ತಾಯಿಯನ್ನೇ ಕೇಳಿ. ಬಂದಿದ್ದರೆ ಭಯವಿಲ್ಲ. ಬಂದಿರಲಿಲ್ಲ ಅಥವಾ ನೆನಪಿಲ್ಲ ಎಂದಾದರೆ ಎಲ್ಲ ಗುಳ್ಳೆಗಳೂ ಹಕ್ಕಳೆಗಟ್ಟುವವರೆಗೆ, ಸುಮಾರು ಏಳರಿಂದ ಹತ್ತು ದಿನ, ಅವರು ದೂರವಿರುವುದು ಒಳ್ಳೆಯದು. ಮಾವನವರು ಗುಳ್ಳೆಗಳನ್ನು ಸಡಿಲವಾದ ಬಟ್ಟೆಯಿಂದ ಮುಚ್ಚಿಕೊಳ್ಳಲಿ, ಟವೆಲ್ ಬೇರೆ ಇರಲಿ. ವಾಸಿಯಾದ ಮೇಲೆ ಲಸಿಕೆಯ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಸರ್ಪಸುತ್ತು ಮರುಕಳಿಸದಂತೆ ತಡೆಯುವ, ಎರಡು ಡೋಸುಗಳ ಲಸಿಕೆ 2023ರಿಂದ ನಮ್ಮ ದೇಶದಲ್ಲಿ 50 ದಾಟಿದವರಿಗೆ ಲಭ್ಯವಿದೆ. ಬೆಲೆ ಮಾತ್ರ ದುಬಾರಿ.

ವಿದ್ಯಾರ್ಥಿನಿಲಯದ ವಾರ್ಡನ್, ಹಾಸನ:
ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಹಾಸ್ಟೆಲಿನ ಹುಡುಗರ ಕುತ್ತಿಗೆಯಲ್ಲಿ, ತೋಳಿನಲ್ಲಿ ಬೆಳಗಾಗುವಷ್ಟರಲ್ಲಿ ಗೆರೆ ಎಳೆದಂತೆ ಉರಿಯುವ ದದ್ದು ಬರುತ್ತದೆ. ಅದನ್ನೂ ಸರ್ಪಸುತ್ತೆಂದೇ ಹೆದರಿ ಊರಿಗೆ ಹೋಗಿಬಿಡುತ್ತಾರೆ. ಒಂದೇ ಕೋಣೆಯ ಹಲವರಿಗೆ ಒಮ್ಮೆಲೇ ಸರ್ಪಸುತ್ತು ಬರಲು ಸಾಧ್ಯವೇ?

ಚರ್ಮವೈದ್ಯ, ದಾವಣಗೆರೆ:
ಬಹುಮಟ್ಟಿಗೆ ಅದು ಹುಳದ ಕೆಲಸ. ರಾತ್ರಿ ಟ್ಯೂಬ್‌ಲೈಟಿಗೆ ಆಕರ್ಷಿತವಾಗಿ ಬರುವ, ಕಿತ್ತಳೆ ಮತ್ತು ಕಪ್ಪು ಪಟ್ಟೆಗಳ, ಒಂದು ಸೆಂಟಿಮೀಟರಿಗೂ ಕಡಿಮೆ ಉದ್ದದ ಪೀಡರಸ್ ಎಂಬ ಹುಳವಿದೆ. ಅದು ಕಚ್ಚುವುದಿಲ್ಲ. ಮೈಮೇಲೆ ಬಂದಾಗ ನಿದ್ದೆಗಣ್ಣಿನಲ್ಲಿ ಉಜ್ಜಿದರೆ ಅದರ ದೇಹದ ರಸ ಚರ್ಮವನ್ನು ಸುಡುತ್ತದೆ. ಕೈ ಎಳೆದ ದಾರಿಯಲ್ಲೇ ದದ್ದು ಬರುವುದರಿಂದ ಗೆರೆಯಂತೆ ಕಾಣುತ್ತದೆ, ಮೊಣಕೈ ಮಡಿಕೆಯಲ್ಲಿ ಒಂದಕ್ಕೊಂದು ತಾಗುವ ಎರಡೂ ಬದಿಗಳಲ್ಲಿ ಅಚ್ಚೊತ್ತಿದಂತೆ ಇರುತ್ತದೆ. ಸರ್ಪಸುತ್ತಿನಲ್ಲಿ ಇರುವಂತೆ ಮುಂಚಿನ ದಿನಗಳ ನೋವು ಇದರಲ್ಲಿ ಇರುವುದಿಲ್ಲ. ಕೂಡಲೇ ಸೋಪು ನೀರಿನಿಂದ ತೊಳೆಯಬೇಕು, ಹುಳವನ್ನು ಊದಿ ಓಡಿಸಬೇಕೇ ಹೊರತು ಹೊಸಕಬಾರದು. ಕಣ್ಣಿನ ಬಳಿ ಆದರೆ ವೈದ್ಯರಿಗೆ ತೋರಿಸಿ, ಉಳಿದದ್ದು ವಾರ ಹತ್ತು ದಿನಗಳಲ್ಲಿ ತಾನಾಗಿ ಮಾಸುತ್ತದೆ.

ವಿಜಯನಗರದ ತಾಯಿ, ಬೆಂಗಳೂರು:
ನನ್ನ ಪ್ರಶ್ನೆ ಮಕ್ಕಳ ಕುರಿತು. ನಾಲ್ಕು ವರ್ಷದ ಮಗನಿಗೆ ಜ್ವರ ಬಂದಾಗಲೆಲ್ಲ ಮೈಮೇಲೆ ಏನಾದರೊಂದು ಕಾಣಿಸಿಕೊಳ್ಳುತ್ತದೆ. ಪ್ರತಿ ಸಲವೂ ಆಸ್ಪತ್ರೆಗೆ ಓಡಿದರೆ ಅತಿಯಾಯಿತೆನಿಸುತ್ತದೆ, ಸುಮ್ಮನಿದ್ದರೆ ಭಯವಾಗುತ್ತದೆ. ಯಾವುದನ್ನು ನೋಡಿ ತೀರ್ಮಾನಿಸಬೇಕು?

ಮಕ್ಕಳ ವಾರ್ಡಿನ ನರ್ಸ್, ಮೈಸೂರು:
ಮೇಡಂ, ದದ್ದಿಗಿಂತ ಮೊದಲು ಮಗುವನ್ನು ನೋಡಿ. ಜ್ವರ ಇಳಿದ ಹೊತ್ತಿನಲ್ಲಿ ಮಗು ಆಡುತ್ತಿದೆಯೇ, ನೀರು ಕುಡಿಯುತ್ತಿದೆಯೇ, ಮೂತ್ರ ಎಂದಿನಂತೆ ಹೋಗುತ್ತಿದೆಯೇ, ಕರೆದರೆ ಓಗೊಡುತ್ತಿದೆಯೇ ಎಂಬುದೇ ನಾವು ವಾರ್ಡಿನಲ್ಲೂ ಮೊದಲು ನೋಡುವುದು. ಇವೆಲ್ಲ ಸರಿಯಿದ್ದು ಮೈಮೇಲೆ ನಸುಗೆಂಪು ಚುಕ್ಕೆಗಳಷ್ಟೇ ಇದ್ದರೆ ಅದು ಬಹಳ ಸಲ ತಾನಾಗಿ ಹೋಗುವ ವೈರಾಣು ಜ್ವರವೇ ಆಗಿರುತ್ತದೆ. ಅಂಗೈ, ಅಂಗಾಲು, ಬಾಯಿಯೊಳಗೆ ಗುಳ್ಳೆ ಬರುವ ಕಾಯಿಲೆಯೂ ಹಾಗೆಯೇ, ವಾರ ಹತ್ತು ದಿನಗಳಲ್ಲಿ ಹೋಗುತ್ತದೆ. ದನಗಳ ಕಾಲುಬಾಯಿ ಜ್ವರಕ್ಕೂ ಅದಕ್ಕೂ ಸಂಬಂಧವಿಲ್ಲ, ಹಟ್ಟಿಯಿಂದ ಬಂತೆಂದು ಹಸುವನ್ನು ಮಾರಲು ಹೊರಟವರನ್ನೂ ನೋಡಿದ್ದೇನೆ. ಬಾಯಿನೋವಿನಿಂದ ಮಗು ನೀರನ್ನೇ ಬಿಟ್ಟರೆ ಮಾತ್ರ ಕರೆತನ್ನಿ.

ಇನ್ನು ಕಾಯಬಾರದ ಸಂಗತಿಗಳು. ಪಾರದರ್ಶಕವಾದ ಗಾಜಿನ ಲೋಟದ ಬದಿಯನ್ನು ಚುಕ್ಕೆಗಳ ಮೇಲೆ ಒತ್ತಿ ಹಿಡಿದು ನೋಡಿ. ಸಾಮಾನ್ಯ ದದ್ದು ಒತ್ತಿದಾಗ ಮಾಸುತ್ತದೆ. ಕೆಂಪು ಅಥವಾ ನೇರಳೆ ಚುಕ್ಕೆಗಳು ಒತ್ತಿದರೂ ಹಾಗೆಯೇ ಕಂಡರೆ ಚರ್ಮದ ಕೆಳಗೆ ರಕ್ತ ಒಸರಿದೆ ಎಂದರ್ಥ. ಜ್ವರದ ಜೊತೆಗೆ ಹೀಗಿದ್ದರೆ ಗಂಟೆ ನೋಡದೆ ಹೊರಡಿ, ಏಕೆಂದರೆ ಮೆದುಳು ಪೊರೆಯ ಸೋಂಕು ಮತ್ತು ರಕ್ತದ ನಂಜು ಗಂಟೆಗಳ ಲೆಕ್ಕದಲ್ಲಿ ಏರುತ್ತವೆ. ಮಾಸಿದ ಮಾತ್ರಕ್ಕೆ ನಿಶ್ಚಿಂತೆಯೂ ಸಲ್ಲದು. ಮಗು ಮಂಕಾಗಿದ್ದರೆ, ಕುತ್ತಿಗೆ ಬಿಗಿದಿದ್ದರೆ, ಉಸಿರು ವೇಗವಾಗಿದ್ದರೆ ಲೋಟದ ಪರೀಕ್ಷೆ ಏನೇ ಹೇಳಲಿ, ಆಸ್ಪತ್ರೆಯೇ ಸರಿ. ನಮ್ಮ ಕಂದು ಮೈಬಣ್ಣದಲ್ಲಿ ಕೆಂಪು ಅಷ್ಟಾಗಿ ಕಾಣುವುದಿಲ್ಲ. ಪುಸ್ತಕದ ಚಿತ್ರಗಳಲ್ಲಿ ಕೆಂಪಗಿರುವುದು ನಮ್ಮ ಮಕ್ಕಳಲ್ಲಿ ಕಂದಾಗಿಯೋ ನೇರಳೆಯಾಗಿಯೋ ಇರುತ್ತದೆ. ಆದ್ದರಿಂದ ಅಂಗೈ, ಅಂಗಾಲು, ಕೆಳರೆಪ್ಪೆಯ ಒಳಭಾಗ, ಬಾಯಿಯ ಅಂಗುಳಗಳನ್ನು ಬೆಳಕಿನಲ್ಲಿ ನೋಡಬೇಕು.

ಕೆಮ್ಮು, ಮೂಗು ಸೋರುವುದು, ಕಣ್ಣು ಕೆಂಪಾಗುವುದು, ಇವುಗಳೊಂದಿಗೆ ಮೂರ್ನಾಲ್ಕು ದಿನ ಜ್ವರ ಕಾದು, ಕಿವಿಯ ಹಿಂದಿನಿಂದಲೂ ಮುಖದಿಂದಲೂ ದದ್ದು ಇಳಿಯತೊಡಗಿದರೆ ದಡಾರವೆಂದು ಅನುಮಾನಿಸಬೇಕು. ಅದರ ಲಸಿಕೆಯನ್ನು ಸರ್ಕಾರಿ ಕೇಂದ್ರಗಳಲ್ಲಿ 9ರಿಂದ 12 ತಿಂಗಳ ನಡುವೆ ಮತ್ತು 16ರಿಂದ 24 ತಿಂಗಳ ನಡುವೆ ಉಚಿತವಾಗಿ ಹಾಕುತ್ತಾರೆ, ತಾಯಿ ಕಾರ್ಡನ್ನು ತೆಗೆದು ಎರಡೂ ಆಗಿವೆಯೇ ಎಂದು ಇಂದೇ ನೋಡಿ. ದದ್ದು ಬರುವ ನಾಲ್ಕು ದಿನ ಮೊದಲಿನಿಂದ ಬಂದ ನಾಲ್ಕು ದಿನಗಳವರೆಗೆ ದಡಾರ ಇತರರಿಗೆ ಹರಡುತ್ತದೆ. ಆದ್ದರಿಂದ ಆಸ್ಪತ್ರೆಗೆ ಬರುವಾಗ ಮುಂಚೆಯೇ ಫೋನ್ ಮಾಡಿ ತಿಳಿಸಿದರೆ ಇತರ ಮಕ್ಕಳ ಜೊತೆ ಕೂರಿಸದೆ ಬೇರೆ ಕರೆದುಕೊಳ್ಳುತ್ತೇವೆ. ಅಮ್ಮ ಬಂದಿದ್ದಾಳೆಂದು ಬೇವಿನ ಸೊಪ್ಪಿನ ಮೇಲೆ ಮಲಗಿಸಿದರೆ ನಮ್ಮದೇನೂ ತಕರಾರಿಲ್ಲ, ನೀರು ಕುಡಿಸುವುದನ್ನೂ ಆಹಾರ ಕೊಡುವುದನ್ನೂ ನಿಲ್ಲಿಸಬೇಡಿ ಅಷ್ಟೆ. ಸೀತಾಳೆ ಸಿಡುಬಿನಲ್ಲಿ ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು.

ಐದು ದಿನ ದಾಟಿದರೂ ಇಳಿಯದ ಜ್ವರದೊಂದಿಗೆ ಕೀವಿಲ್ಲದೆ ಕೆಂಪಾದ ಕಣ್ಣು, ಒಡೆದ ತುಟಿ, ಬಾತುಕೊಂಡ ಕೈಕಾಲು ಇದ್ದರೆ ಕವಾಸಾಕಿ ಎಂಬ ಕಾಯಿಲೆಯಿರಬಹುದು. ಹೃದಯದ ರಕ್ತನಾಳಗಳಿಗೆ ಹಾನಿಯಾಗದಂತೆ ತಡೆಯಬೇಕಾದರೆ ಹತ್ತು ದಿನಗಳ ಒಳಗೆ ಚಿಕಿತ್ಸೆ ಸಿಗಬೇಕು. ಮೂರು ತಿಂಗಳೊಳಗಿನ ಕೂಸಿಗೆ ಜ್ವರವೂ ದದ್ದೂ ಇದ್ದರೆ ಯೋಚಿಸುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ.

ವಿಜಯನಗರದ ತಾಯಿ, ಬೆಂಗಳೂರು:
ಡೆಂಗಿಯಲ್ಲೂ ದದ್ದು ಬರುತ್ತದಲ್ಲವೇ?

ಮಕ್ಕಳ ವಾರ್ಡಿನ ನರ್ಸ್, ಮೈಸೂರು:
ಬರುತ್ತದೆ. ಡೆಂಗಿಯಲ್ಲಿ ಮೋಸಮಾಡುವುದು ದದ್ದಲ್ಲ, ಜ್ವರ ಇಳಿಯುವ ಹೊತ್ತು. ಮೂರರಿಂದ ಏಳನೆಯ ದಿನದ ನಡುವೆ ಜ್ವರ ಬಿಟ್ಟಿತೆಂದು ಮನೆಯವರು ನೆಮ್ಮದಿಪಡುವಾಗಲೇ, ಮುಂದಿನ ಒಂದೆರಡು ದಿನ ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯುವ ಅಪಾಯ ಇರುತ್ತದೆ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ತಣ್ಣಗಾದ ಕೈಕಾಲು, ವಿಪರೀತ ಸುಸ್ತು ಕಂಡರೆ ಕೂಡಲೇ ಬನ್ನಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಕೊಡಿ, ಐಬುಪ್ರೊಫೆನ್ ಬೇಡ.

ಔಷಧಿ ಅಂಗಡಿಯವ, ಹುಬ್ಬಳ್ಳಿ:
ಇಲ್ಲಿಯವರೆಗೆ ಯಾರೂ ಎತ್ತದ ವಿಷಯವೊಂದನ್ನು ನನ್ನ ಕೌಂಟರಿನ ಈಚೆಯಿಂದ ಹೇಳಬೇಕಾಗಿದೆ. ದದ್ದು ಬಂದವರಲ್ಲಿ ಬಹುಮಂದಿ ವೈದ್ಯರಿಗಿಂತ ಮೊದಲು ಬರುವುದು ನಮ್ಮಲ್ಲಿಗೆ. 'ತುರಿಕೆಗೆ ಒಂದು ಟ್ಯೂಬ್ ಕೊಡಿ' ಎನ್ನುತ್ತಾರೆ, ಅನೇಕರು ಹಳೆಯ ಖಾಲಿ ಟ್ಯೂಬನ್ನೇ ತಂದು ತೋರಿಸುತ್ತಾರೆ. ಹಾಗೆ ಮಾರಾಟವಾಗುವ ಬಹಳಷ್ಟು ಮುಲಾಮುಗಳಲ್ಲಿ ಕ್ಲೋಬೆಟಸಾಲ್, ಬೀಟಾಮೆಥಸೋನ್ ಮುಂತಾದ ಪ್ರಬಲ ಸ್ಟೀರಾಯ್ಡ್ ಇರುತ್ತದೆ. ಜೊತೆಗೆ ಶಿಲೀಂಧ್ರದ ಔಷಧವನ್ನೂ ಬ್ಯಾಕ್ಟೀರಿಯಾದ ಔಷಧವನ್ನೂ ಸೇರಿಸಿ, ಏನಿದ್ದರೂ ಒಂದಕ್ಕೆ ತಾಗಲಿ ಎಂಬಂತೆ ತಯಾರಿಸಿರುತ್ತಾರೆ. ಹಚ್ಚಿದ ಎರಡನೆಯ ದಿನವೇ ತುರಿಕೆ ಹೋಗುತ್ತದೆ, ಗಿರಾಕಿ ಸಂತುಷ್ಟನಾಗುತ್ತಾನೆ. ತಿಂಗಳು ಕಳೆಯುವುದರೊಳಗೆ ಎರಡು ಪಟ್ಟು ದೊಡ್ಡದಾದ ದದ್ದಿನೊಂದಿಗೆ ಅವನೇ ಬರುತ್ತಾನೆ. 2018ರಲ್ಲಿ ಕೇಂದ್ರ ಸರ್ಕಾರ ಇಂತಹ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು, ಅದೇ ವರ್ಷ 328 ಸಂಯೋಜಿತ ಔಷಧಗಳನ್ನು ನಿಷೇಧಿಸಿದಾಗ ಇಂತಹ ಕೆಲವು ಮುಲಾಮುಗಳೂ ಹೋದವು. ಆದರೂ ಚೀಟಿ ಕೇಳಿದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ ಎಂಬುದು ನಮ್ಮ ವ್ಯಾಪಾರದ ವಾಸ್ತವ. ಡಾಕ್ಟರು ಇದರ ಬಗ್ಗೆ ವಿವರವಾಗಿ ಬರೆದರೆ ಚೆನ್ನಾಗಿರುತ್ತದೆ.

ಚರ್ಮವೈದ್ಯ, ದಾವಣಗೆರೆ:
ಬಹಳ ಮುಖ್ಯವಾದ ಮಾತು. ನನ್ನ ಹೊರರೋಗಿ ವಿಭಾಗಕ್ಕೆ ಈಗ ಅತಿ ಹೆಚ್ಚು ಬರುವುದು ಹುಳುಕಡ್ಡಿ, ಅದರಲ್ಲಿ ಮುಲಾಮು ಹಚ್ಚದೆ ಬರುವವರು ಅಪರೂಪ. ಹುಳುಕಡ್ಡಿ ಶಿಲೀಂಧ್ರದ ಸೋಂಕು. ಸ್ಟೀರಾಯ್ಡ್ ಆ ಶಿಲೀಂಧ್ರವನ್ನು ಕೊಲ್ಲುವುದಿಲ್ಲ, ಅದರ ವಿರುದ್ಧ ಚರ್ಮ ನಡೆಸುತ್ತಿರುವ ಪ್ರತಿರೋಧವನ್ನು ಅಡಗಿಸುತ್ತದೆ. ಕೆಂಪೂ ತುರಿಕೆಯೂ ಆ ಪ್ರತಿರೋಧದ ಫಲವೇ ಆದ್ದರಿಂದ ಅವು ಮಾಯವಾಗಿ ರೋಗ ಹೋದಂತೆ ತೋರುತ್ತದೆ, ಒಳಗೆ ಶಿಲೀಂಧ್ರ ನಿರಾತಂಕವಾಗಿ ಹಬ್ಬುತ್ತದೆ. ಅಂಚು ಉಬ್ಬಿ ನಡು ತಿಳಿಯಾಗಿರುವ ಉಂಗುರದ ಆಕಾರವೂ ಕೆಡುವುದರಿಂದ ಕೆಲವೊಮ್ಮೆ ವೈದ್ಯರೂ ಗುರುತಿಸಲಾರದೆ ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ತೊಡೆಸಂದಿಯಲ್ಲಿ ತಿಂಗಳುಗಟ್ಟಲೆ ಹಚ್ಚಿದವರ ಚರ್ಮ ತೆಳುವಾಗಿ, ಹೆರಿಗೆಯ ಅನಂತರ ಹೊಟ್ಟೆಯ ಮೇಲೆ ಬರುವಂತಹ ಗೆರೆಗಳು ಬೀಳುತ್ತವೆ, ಅವು ಹೋಗುವುದಿಲ್ಲ. ಬೆಳ್ಳಗಾಗಲೆಂದು ಮುಖಕ್ಕೆ ಹಚ್ಚುವ ಹೆಣ್ಣುಮಕ್ಕಳಲ್ಲಿ ಮೊಡವೆ, ಕೂದಲು, ಬಿಸಿಲಿಗೆ ಉರಿ ಬರುತ್ತವೆ. ನಿಲ್ಲಿಸಿದ ಕೂಡಲೇ ಇನ್ನಷ್ಟು ಕೆರಳುವುದರಿಂದ ಮತ್ತೆ ಅದನ್ನೇ ಹಚ್ಚುತ್ತಾರೆ.

ಇದರ ಮೇಲೆ, ಭಾರತದ ಉದ್ದಗಲಕ್ಕೂ ಹಬ್ಬಿರುವ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂಬ ಪ್ರಭೇದ ಬಂದಿದೆ. 2020ರಲ್ಲಿ ಅದಕ್ಕೆ ಈ ಹೆಸರಿಡಲಾಯಿತು. ಅದರಲ್ಲಿ ಅನೇಕವು ಟರ್ಬಿನಾಫಿನ್ ಎಂಬ ಹಳೆಯ ನಂಬಿಗಸ್ತ ಔಷಧಕ್ಕೆ ಬಗ್ಗುವುದಿಲ್ಲ. ಹಿಂದೆ ಎರಡು ವಾರದಲ್ಲಿ ಹೋಗುತ್ತಿದ್ದ ಹುಳುಕಡ್ಡಿಗೆ ಈಗ ಹಲವು ವಾರಗಳು, ಕೆಲವರಿಗೆ ತಿಂಗಳುಗಳು ಬೇಕು. ಮನೆಯಲ್ಲಿ ಯಾರಿಗೆಲ್ಲ ಇದೆಯೋ ಅವರೆಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯದಿದ್ದರೆ ಒಬ್ಬರಿಂದ ಒಬ್ಬರಿಗೆ ತಿರುಗುತ್ತಲೇ ಇರುತ್ತದೆ. ಬಿಗಿಯಾದ ಜೀನ್ಸ್ ಬಿಡಿ, ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಿ, ಟವೆಲ್ ಹಂಚಿಕೊಳ್ಳಬೇಡಿ. ಮತ್ತು ವೈದ್ಯರ ಬಳಿಗೆ ಬರುವಾಗ ಇದುವರೆಗೆ ಹಚ್ಚಿದ ಎಲ್ಲ ಟ್ಯೂಬುಗಳನ್ನೂ ತನ್ನಿ. ಬೈಯುವುದಕ್ಕಲ್ಲ, ಏನು ಹಚ್ಚಿದ್ದೀರಿ ಎಂದು ತಿಳಿಯದೆ ಈಗ ಕಾಣುತ್ತಿರುವುದು ರೋಗವೋ ಮುಲಾಮಿನ ಫಲವೋ ಎಂದು ಹೇಳಲು ಕಷ್ಟ. ಸ್ಟೀರಾಯ್ಡ್ ಕೆಟ್ಟ ಔಷಧವೆಂದು ಮಾತ್ರ ಯಾರೂ ತಿಳಿಯಬಾರದು. ಇಸುಬಿಗೆ, ಸೋರಿಯಾಸಿಸ್‌ಗೆ ಸರಿಯಾದ ಪ್ರಬಲತೆಯದನ್ನು, ಸರಿಯಾದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಅದಕ್ಕಿಂತ ಒಳ್ಳೆಯದಿಲ್ಲ.

ಕೋಲಾರದ ರೈತ:
ನನಗೆ ಕುತ್ತಿಗೆ, ಕಣ್ಣುರೆಪ್ಪೆ, ಮೊಣಕೈ ಮಡಿಕೆಗಳಲ್ಲಿ ಮಳೆ ಬಿದ್ದ ಮೇಲೆ ವರ್ಷವರ್ಷವೂ ಚರ್ಮ ದಪ್ಪಗಾಗಿ ತುರಿಸುತ್ತದೆ. ನಂಜು ಎಂದು ಬದನೆಕಾಯಿ, ಕುಂಬಳಕಾಯಿ, ಮೀನು ಎಲ್ಲವನ್ನೂ ಬಿಟ್ಟೆ. ಕಡಿಮೆಯಾಗಲಿಲ್ಲ.

ಚರ್ಮವೈದ್ಯ, ದಾವಣಗೆರೆ:
ಊಟಕ್ಕಿಂತ ಮೊದಲು ನಿಮ್ಮ ಹೊಲದ ಬದುವನ್ನು ಅನುಮಾನಿಸಿ. ಕಾಂಗ್ರೆಸ್ ಗಿಡ ಎಂದು ನಾವೆಲ್ಲ ಕರೆಯುವ ಪಾರ್ಥೇನಿಯಂ ಕಳೆಯ ಒಣಗಿದ ಪುಡಿ ಗಾಳಿಯಲ್ಲಿ ತೇಲಿ ಬಂದು ಬೆವರು ನಿಲ್ಲುವ ಮಡಿಕೆಗಳಲ್ಲಿ ಕೂರುತ್ತದೆ. ಬಿಸಿಲಿನ ಅಲರ್ಜಿಯಾದರೆ ಗಲ್ಲದ ಕೆಳಭಾಗ, ಕಿವಿಯ ಹಿಂದೆ, ರೆಪ್ಪೆಯ ಮಡಿಕೆಗಳಂತಹ ನೆರಳಿನ ಜಾಗಗಳು ಉಳಿದುಕೊಳ್ಳುತ್ತವೆ, ಗಾಳಿಯಲ್ಲಿ ಬರುವ ಪುಡಿ ಅವುಗಳನ್ನೂ ಬಿಡುವುದಿಲ್ಲ. ದೊಡ್ಡ ಆಸ್ಪತ್ರೆಗಳ ಚರ್ಮ ವಿಭಾಗದಲ್ಲಿ ಬೆನ್ನಿಗೆ ಪಟ್ಟಿ ಅಂಟಿಸಿ, 48 ಗಂಟೆಗಳ ಅನಂತರ ತೆಗೆದು ನೋಡುವ ಪರೀಕ್ಷೆಯಿಂದ ಇದನ್ನು ಖಚಿತಪಡಿಸಿಕೊಳ್ಳಬಹುದು. ಕಳೆ ಕೀಳುವ ಕೆಲಸವನ್ನು ನೀವು ಮಾಡಬೇಡಿ, ಹೊಲದಿಂದ ಬಂದ ಕೂಡಲೇ ಸ್ನಾನ ಮಾಡಿ ಬಟ್ಟೆ ಬದಲಿಸಿ. ಬದನೆಕಾಯಿಯನ್ನು ಧೈರ್ಯವಾಗಿ ತಿನ್ನಿ. ಬಾಣಂತಿಯರಿಗೂ ಹಾಲೂಡಿಸುವವರಿಗೂ ನಂಜೆಂದು ತರಕಾರಿ, ಬೇಳೆಗಳನ್ನೆಲ್ಲ ಬಿಡಿಸುವುದು ನನಗೆ ಎಂದೂ ಒಪ್ಪಿಗೆಯಾಗಿಲ್ಲ.

ಪಿತ್ತಗಂಧೆಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಎದ್ದ ಗಂಧೆ ಒಂದು ಜಾಗದಲ್ಲಿ 24 ಗಂಟೆಗಳ ಒಳಗೆ ಮಾಯವಾಗಿ ಇನ್ನೊಂದು ಕಡೆ ಎದ್ದರೆ ಅದು ಅಪಾಯದ್ದಲ್ಲ, ಆದರೆ ಆರು ವಾರ ಮೀರಿದರೆ ವೈದ್ಯರಿಗೆ ತೋರಿಸಬೇಕು. ತುಟಿ ಅಥವಾ ನಾಲಿಗೆ ಊದಿ, ದನಿ ಕಟ್ಟಿ, ಉಸಿರು ಎಳೆಯುವಾಗ ಸದ್ದು ಬಂದು, ತಲೆಸುತ್ತು ಬಂದರೆ ಮಾತ್ರ ಸಿಟ್ರಿಜಿನ್ ಎಂಬ ಅಲರ್ಜಿ ಮಾತ್ರೆ ನುಂಗಿ ಕಾಯುತ್ತ ಕೂರಬಾರದು. ಆಗ ಬೇಕಾದದ್ದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. 108ಕ್ಕೆ ಕರೆ ಮಾಡಿ.

ಮಸ್ಕತ್ ಕನ್ನಡಿಗ:
ಊರಿನಲ್ಲಿರುವ ನಮ್ಮ ಭಾವನವರಿಗೆ ಮೂರ್ಛೆರೋಗಕ್ಕೆ ಎರಡು ವಾರದ ಹಿಂದೆ ಹೊಸ ಮಾತ್ರೆ ಆರಂಭಿಸಿದರು. ಈಗ ಜ್ವರ, ಎದೆಯ ಮೇಲೆ ಕಂದು ದದ್ದು, ಬಾಯಿಯಲ್ಲಿ ಹುಣ್ಣು, ಕಣ್ಣುರಿ ಇದೆಯಂತೆ. ಚರ್ಮ ಮುಟ್ಟಿದರೆ ನೋಯುತ್ತದೆ ಎನ್ನುತ್ತಾರೆ. ಅಕ್ಕ ಎಳನೀರು ಕೊಟ್ಟು ನೋಡುತ್ತಿದ್ದಾಳೆ.

ಚರ್ಮವೈದ್ಯ, ದಾವಣಗೆರೆ:
ಇದನ್ನು ಓದಿದ ಕೂಡಲೇ ಅಕ್ಕನಿಗೆ ಫೋನ್ ಮಾಡಿ. ಈ ರಾತ್ರಿಯೇ, ಒಳರೋಗಿ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ, ಸಾಧ್ಯವಾದರೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ಯಲಿ. ಹೊಸ ಔಷಧ ಆರಂಭಿಸಿದ ಕೆಲವು ದಿನಗಳಿಂದ ಎಂಟು ವಾರಗಳ ಒಳಗೆ ದದ್ದಿನ ಜೊತೆ ಬಾಯಿ, ಕಣ್ಣು, ಜನನಾಂಗಗಳಲ್ಲಿ ಹುಣ್ಣಾದರೆ, ಚರ್ಮ ನೋಯುತ್ತಿದ್ದರೆ ಅಥವಾ ಸುಲಿಯತೊಡಗಿದರೆ ಅದು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಆಗಿರಬಹುದು. ಜೀವಕ್ಕೂ ದೃಷ್ಟಿಗೂ ಅಪಾಯವಿದೆ. ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್‌ನಂತಹ ಮೂರ್ಛೆಯ ಔಷಧಗಳು, ಗೌಟ್ ಎಂಬ ಕೀಲುನೋವಿಗೆ ಕೊಡುವ ಅಲೊಪ್ಯುರಿನಾಲ್, ಸಲ್ಫಾ ಮಾತ್ರೆಗಳು, ಕೆಲವು ನೋವಿನ ಮಾತ್ರೆಗಳು ಇದಕ್ಕೆ ಹೆಸರಾದವು. ಮೂರ್ಛೆಯ ಮಾತ್ರೆಯನ್ನು ಸಾಮಾನ್ಯವಾಗಿ ತಾವಾಗಿಯೇ ನಿಲ್ಲಿಸಬಾರದು. ಆದರೆ ಈ ಲಕ್ಷಣಗಳಿರುವಾಗ ವೈದ್ಯರೊಂದಿಗೆ ಮಾತನಾಡದೆ ಮುಂದಿನ ಮಾತ್ರೆ ನುಂಗುವುದು ಬೇಡ, ಬದಲಿ ಔಷಧವನ್ನು ಆಸ್ಪತ್ರೆಯಲ್ಲಿ ಕೊಡುತ್ತಾರೆ. ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ, ನಾಟಿ ಪುಡಿ ಲೇಹ್ಯಗಳಿದ್ದರೆ ಅವುಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಲಿ.

ಮಸ್ಕತ್ ಕನ್ನಡಿಗ:
ಹೊರಟಿದ್ದಾರೆ ಡಾಕ್ಟರೇ. ನಮಸ್ಕಾರ.

ಆಶಾ ಕಾರ್ಯಕರ್ತೆ, ರಾಯಚೂರು ಜಿಲ್ಲೆ:
ಎಲ್ಲರೂ ನೋಯುವ, ತುರಿಸುವ ದದ್ದುಗಳ ಬಗ್ಗೆ ಬರೆದಿದ್ದೀರಿ. ಮನೆಮನೆ ಸಮೀಕ್ಷೆಗೆ ಹೋದಾಗ ನಾವು ಹುಡುಕುವುದು ಅದರ ತದ್ವಿರುದ್ಧವಾದದ್ದನ್ನು. ಸುತ್ತಲಿನ ಬಣ್ಣಕ್ಕಿಂತ ತಿಳಿಯಾದ ಅಥವಾ ತಾಮ್ರದ ಬಣ್ಣದ ಮಚ್ಚೆ, ತುರಿಕೆಯಿಲ್ಲ, ನೋವಿಲ್ಲ, ಅಲ್ಲಿ ಬೆವರಿಲ್ಲ, ಕೂದಲು ಉದುರಿದೆ, ಮುಟ್ಟಿದರೆ ಗೊತ್ತಾಗುವುದಿಲ್ಲ. ತೊಂದರೆ ಕೊಡದ ಕಾರಣಕ್ಕೇ ಜನ ವರ್ಷಗಟ್ಟಲೆ ಸುಮ್ಮನಿರುತ್ತಾರೆ. ಅದು ಕುಷ್ಠರೋಗದ ಮೊದಲ ಗುರುತಾಗಿರಬಹುದು. ಮಚ್ಚೆಗಳ ಸಂಖ್ಯೆಯನ್ನೂ ನರಗಳ ಸ್ಥಿತಿಯನ್ನೂ ನೋಡಿ ಆರು ಅಥವಾ ಹನ್ನೆರಡು ತಿಂಗಳ ಮಾತ್ರೆಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುತ್ತಾರೆ. ಬೇಗ ಬಂದವರಿಗೆ ಬೆರಳು ಮಡಚಿಕೊಳ್ಳುವುದು, ಕಾಲಿನಲ್ಲಿ ಹುಣ್ಣಾಗುವುದು ಯಾವುದೂ ಬರುವುದಿಲ್ಲ.

ಕೋಲಾರದ ರೈತ:
ಅಮ್ಮಾ, ಮುಟ್ಟಿದರೆ ಗೊತ್ತಾಗುತ್ತದೋ ಇಲ್ಲವೋ ಎಂದು ಮನೆಯಲ್ಲಿ ನೋಡುವುದು ಹೇಗೆ? ನಮ್ಮ ತಮ್ಮನ ಬೆನ್ನಿನ ಮೇಲೆ ಅಂಥದೊಂದು ಇದೆ.

ಆಶಾ ಕಾರ್ಯಕರ್ತೆ, ರಾಯಚೂರು ಜಿಲ್ಲೆ:
ಸೂಜಿ ಚುಚ್ಚಬೇಡಿ ಅಣ್ಣಾ. ಹತ್ತಿಯ ಎಳೆಯೊಂದನ್ನು ಹೊಸೆದು ತುದಿ ಮಾಡಿಕೊಂಡು, ತಮ್ಮನಿಗೆ ಕಣ್ಣು ಮುಚ್ಚಲು ಹೇಳಿ. ಮೊದಲು ಒಳ್ಳೆಯ ಚರ್ಮದ ಮೇಲೆ ಮೆಲ್ಲನೆ ತಾಗಿಸಿ, ತಾಗಿದಾಗ ಹೂಂ ಎನ್ನಲಿ. ಆಮೇಲೆ ಮಚ್ಚೆಯ ಮೇಲೆ ತಾಗಿಸಿ. ಮಚ್ಚೆಯ ಮೇಲೆ ಮತ್ತೆ ಮತ್ತೆ ತಪ್ಪಿದರೆ ಈ ವಾರವೇ ಆರೋಗ್ಯ ಕೇಂದ್ರಕ್ಕೆ ಕರೆತನ್ನಿ. ಸರಿಯಾಗಿ ಹೇಳಿದರೂ ಒಮ್ಮೆ ತೋರಿಸಿಬಿಡಿ, ಏಕೆಂದರೆ ಆರಂಭದಲ್ಲಿ ಸ್ಪರ್ಶ ಪೂರ್ತಿ ಹೋಗಿರುವುದಿಲ್ಲ. ತಮ್ಮನಿಗೆ ಊರಿನವರ ಕಣ್ಣಿಗೆ ಬೀಳಲು ಸಂಕೋಚವಾದರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಹೇಳಿ, ಅವಳೇ ಮನೆಗೆ ಬಂದು ನೋಡಿ ಡಾಕ್ಟರಿಗೆ ತಿಳಿಸುತ್ತಾಳೆ.